ಅಡ್ರೆಸ್ಸನ್ನು ಸ್ಟ್ರಿಂಗ್ ಮಾಡುವಾಗ

ಮಾನ್ಯ ಸಂಪಾದಕರೇ,

ಎಥೀರಿಯಂ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂಗಳನ್ನು, ಅಂದರೆ ಕಾಂಟ್ರ್ಯಾಕ್ಟ್‌ಗಳನ್ನು, ಬರೆಯುವ ಸಾಲಿಡಿಟಿ ಭಾಷೆಯಲ್ಲಿ ಅಡ್ರೆಸ್ಸನ್ನು (ಖಾತೆಯ ಗುರುತನ್ನು) ಸ್ಟ್ರಿಂಗ್, ಅಂದರೆ ಓದುವ ಪಠ್ಯ, ಮಾಡಲು 'ಎಬಿಐ.ಎನ್‌ಕೋಡ್‌ಪ್ಯಾಕ್ಡ್' ಒಂದೇ ಸಾಲು ಸಾಕು ಎಂದು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಬಂದಿತ್ತು. ಆ ಸಾಲು ತಕರಾರಿಲ್ಲದೆ ಕಂಪೈಲ್ ಆಗುತ್ತದೆ, ತೊಡಕು ಇರುವುದೇ ಅಲ್ಲಿ. ಅದು ಕೊಡುವುದು ಓದುವ ಪಠ್ಯವನ್ನಲ್ಲ, ಅಡ್ರೆಸ್ಸಿನ 20 ಬೈಟ್‌ಗಳನ್ನೇ. ಹೆಕ್ಸ್ (16ರ ಆಧಾರದ ಸಂಖ್ಯೆ) 41 ಇರುವಲ್ಲಿ '4', '1' ಬರುವ ಬದಲು ಇಂಗ್ಲಿಷಿನ ದೊಡ್ಡ 'ಎ' ಬಂದು ಕೂರುತ್ತದೆ. ಹೆಕ್ಸ್ 80ರಿಂದ ಮೇಲಿನ ಬೈಟ್‌ಗಳು ಬಂದರಂತೂ ಅದು ಸರಿಯಾದ ಯುಟಿಎಫ್-8 (ಪಠ್ಯವನ್ನು ಬೈಟ್‌ಗಳಲ್ಲಿ ಬರೆಯುವ ಕ್ರಮ) ಆಗುವುದೇ ಅಪರೂಪ. ಪರದೆಯ ಮೇಲೆ ಕಾಣುವುದು ಬರೀ ಚೌಕಗಳು.

ಬೇಕಾದ ಪಠ್ಯ 42 ಅಕ್ಷರಗಳದ್ದು: ಮುಂದೆ '0ಎಕ್ಸ್', ಆಮೇಲೆ 40 ಹೆಕ್ಸ್ ಅಂಕಿಗಳು. 42 ಬೈಟ್‌ಗಳ ಜಾಗ ಮಾಡಿಕೊಂಡು, ಅಡ್ರೆಸ್ಸನ್ನು 'ಬೈಟ್ಸ್20' ಮಾಡಿ, 0ಯಿಂದ 19ರವರೆಗೆ ಲೂಪ್ ಓಡಿಸಬೇಕು. ಪ್ರತಿ ಬೈಟ್‌ನ ಮೇಲಿನ 4 ಬಿಟ್ ಒಂದು ಅಂಕಿ, ಕೆಳಗಿನ 4 ಬಿಟ್ ಇನ್ನೊಂದು. ಆ ಅಂಕಿಯ ಬೆಲೆ 10ಕ್ಕಿಂತ ಕಡಿಮೆಯಿದ್ದರೆ 48 ಕೂಡಿಸಿ, ಇಲ್ಲವಾದರೆ 87; ಬರುವುದೇ ಅದರ ಅಕ್ಷರ ಸಂಕೇತ. ಇದನ್ನೆಲ್ಲ ಕೈಯಾರೆ ಬರೆಯುವ ಹಟ ಬೇಡ. ಸಿದ್ಧ ಸಾಲಿಡಿಟಿ ಕೋಡ್ ಕೊಡುವ ಓಪನ್‌ಜೆಪ್ಪೆಲಿನ್‌ನ ಸ್ಟ್ರಿಂಗ್ಸ್ ಲೈಬ್ರರಿಯಲ್ಲಿ 'ಟುಹೆಕ್ಸ್‌ಸ್ಟ್ರಿಂಗ್' ಇದೆ. ಆದರೆ ಅದಕ್ಕೆ ಅಡ್ರೆಸ್ಸನ್ನೇ ಕೊಡಿ. ಉದ್ದ ಹೇಳದೆ ಬರೀ ಸಂಖ್ಯೆಯಾಗಿ ಕೊಟ್ಟರೆ ಆರಂಭದ ಸೊನ್ನೆ ಬೈಟ್‌ಗಳು ಮಾಯವಾಗುತ್ತವೆ. ಸೊನ್ನೆ ಬೈಟ್‌ನಿಂದ ಶುರುವಾಗುವ ಅಡ್ರೆಸ್ ಟೆಸ್ಟ್‌ನಲ್ಲಿ ಇಲ್ಲದಿದ್ದರೆ ಈ ದೋಷ ಸಿಕ್ಕಿಬೀಳುವುದಿಲ್ಲ.

ಇನ್ನೊಂದು ಎಡವಟ್ಟು ಹೋಲಿಕೆಯಲ್ಲಿ. ಹೀಗೆ ಬರುವ ಪಠ್ಯ ಪೂರ್ತಿ ಸಣ್ಣಕ್ಷರ. ವ್ಯಾಲೆಟ್‌ಗಳು ತೋರಿಸುವುದು ಇಐಪಿ-55 ಎಂಬ ಎಥೀರಿಯಂ ನಿಯಮದ ಪ್ರಕಾರ ದೊಡ್ಡ ಸಣ್ಣ ಬೆರೆತದ್ದು. ಸ್ಟ್ರಿಂಗ್‌ಗಳನ್ನು ಕೆಚಾಕ್256 ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿದ ಸ್ಥಿರ ಉದ್ದದ ಗುರುತು) ತೆಗೆದು ಹೋಲಿಸುವುದರಿಂದ ಅಡ್ರೆಸ್ ಒಂದೇ ಆಗಿದ್ದರೂ ಉತ್ತರ 'ಬೇರೆ' ಎಂದೇ ಬರುತ್ತದೆ. ಅಡ್ರೆಸ್‌ಗಳನ್ನು ಅಡ್ರೆಸ್‌ಗಳಾಗಿಯೇ ಹೋಲಿಸಿ.

ಕಾಂಟ್ರ್ಯಾಕ್ಟಿನ ಕಾಯಂ ಸಂಗ್ರಹವಾದ ಸ್ಟೋರೇಜ್‌ನಲ್ಲಂತೂ ಸ್ಟ್ರಿಂಗ್ ಇಡಲೇಬೇಡಿ. ಅಡ್ರೆಸ್ಸಿಗೆ ಒಂದು ಸ್ಲಾಟ್ (32 ಬೈಟ್‌ಗಳ ಖಾನೆ) ಸಾಕು. 42 ಬೈಟ್‌ಗಳ ಸ್ಟ್ರಿಂಗಿಗೆ ಉದ್ದ ಬರೆಯಲು ಒಂದು, ಪಠ್ಯಕ್ಕೆ ಎರಡು, ಹೀಗೆ ಮೂರು ಬೇಕು. ಒಂದು ಖಾಲಿ ಸ್ಲಾಟ್ ತುಂಬಲು ಸುಮಾರು 22,100 ಗ್ಯಾಸ್ (ಶುಲ್ಕ ಲೆಕ್ಕ ಹಾಕುವ ಅಳತೆ). ಲೆಕ್ಕ ಹಾಕಿ ನೋಡಿ. ಇವೆಂಟ್‌ನಲ್ಲಿ (ಕಾಂಟ್ರ್ಯಾಕ್ಟ್ ಹೊರಡಿಸುವ ದಾಖಲೆಯಲ್ಲಿ) ಹುಡುಕಲೆಂದು ಇಂಡೆಕ್ಸ್ ಮಾಡಿದ ಸ್ಟ್ರಿಂಗ್ ಹ್ಯಾಶ್ ಆಗಿ ಉಳಿಯುತ್ತದೆ, ಅದರಿಂದ ಮೂಲ ಪಠ್ಯ ಮರಳಿ ಸಿಗದು. ಅಡ್ರೆಸ್ ಹಾಗೇ ಓದಲು ಸಿಗುತ್ತದೆ. ಎರರ್ ಸಂದೇಶದಲ್ಲಿ ಅಡ್ರೆಸ್ ತೋರಿಸಬೇಕೆಂದರೆ ಸಾಲಿಡಿಟಿಯ 0.8.4 ಆವೃತ್ತಿಯಿಂದ ಕಸ್ಟಮ್ ಎರರ್ (ನಾವೇ ಹೆಸರಿಡುವ ಎರರ್) ಇದೆ, ನೇರ ಪ್ಯಾರಾಮೀಟರ್ ಆಗಿಯೇ ಕೊಡಬಹುದು.

ಎನ್‌ಎಫ್‌ಟಿಯ (ಬ್ಲಾಕ್‌ಚೈನ್ ಮೇಲಿನ ಅನನ್ಯ ಡಿಜಿಟಲ್ ಟೋಕನ್‌ನ) ಜೇಸನ್ ರೂಪದ ಪಠ್ಯ ವಿವರವನ್ನು ಕಾಂಟ್ರ್ಯಾಕ್ಟೇ ಕಟ್ಟಿಕೊಡುವಂಥ ಕಡೆ ಮಾತ್ರ ಈ ಪರಿವರ್ತನೆ ಒಳಗೆ ಇರಲಿ. ಉಳಿದೆಡೆ ಅದು ವೆಬ್ ಪುಟದ ಕೋಡ್ ಮಾಡಬೇಕಾದ ಕೆಲಸ.

– ಒಬ್ಬ ಓದುಗ