ಅತ್ತಿಗೆಗೆ, ಮತ್ತು ಉಳಿದ ಎಲ್ಲರಿಗೂ

ನಿನ್ನೆ ಮಗಳ ಸೊಂಟದ ಸ್ಕ್ಯಾನ್ ಆಯಿತು. ಎರಡೂ ಕೀಲುಗಳು ಸರಿಯಾಗಿ ಕೂತಿವೆ. ಹೊಟ್ಟೆಯೊಳಗೆ ತಲೆ ಮೇಲಾಗಿಯೇ ಉಳಿದ ಮಕ್ಕಳಿಗೆ ಆರು ವಾರದ ಹೊತ್ತಿಗೆ ಈ ಪರೀಕ್ಷೆ ಮಾಡಿಸಬೇಕೆಂದು ಅವಳು ಹುಟ್ಟಿದ ದಿನವೇ ಹೇಳಿದ್ದರು. ಇದೊಂದು ಮುಗಿಯುವವರೆಗೆ ಯಾರಿಗೂ ಏನೂ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದೆ. ಇಂದು ಬೆಳಗ್ಗೆ ಮಗು ಮಲಗಿದ ಕೂಡಲೇ ಬರೆಯಲು ಕೂತಿದ್ದೇನೆ.

ನಡೆದದ್ದೆಲ್ಲ ನಿಮಗೆ ಗೊತ್ತೇ ಇದೆ. ಸಾಗರದಿಂದ ಶಿವಮೊಗ್ಗಕ್ಕೆ ಮಳೆಗಾಲದ ಆ ರಸ್ತೆಯಲ್ಲಿ ಪ್ರತಿ ಹೊಂಡಕ್ಕೂ ಗಾಡಿ ನಿಧಾನಿಸುತ್ತ ಕರೆದೊಯ್ದ ಅಣ್ಣ, ತಾಯಿ ಕಾರ್ಡು ತಪ್ಪದೆ ನೋಡಿ ಬರೆದುಕೊಂಡ ಆಶಾ ಕಾರ್ಯಕರ್ತೆ, ಬಾಣಂತನಕ್ಕೆ ತಮ್ಮ ಮಂಡಿನೋವನ್ನೂ ಮರೆತು ನಿಂತ ಅಮ್ಮ, ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಬೆಳಗಾಗುವುದರೊಳಗೆ ನನ್ನ ಕೈ ಹಿಡಿದ ನನ್ನವರು, ಮನೆಯಲ್ಲಿ ದೀಪ ಆರದಂತೆ ನೋಡಿಕೊಂಡ ಅತ್ತೆ, ರಕ್ತ ಬೇಕಾದರೆ ಎಂದು ಕೇಳುವ ಮೊದಲೇ ಬಂದು ಕೂತ ಗೆಳೆಯರು: ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಡಾಕ್ಟರಮ್ಮನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 32ನೆಯ ವಾರದ ಸ್ಕ್ಯಾನಿನಲ್ಲಿ ತಲೆ ಮೇಲಿದೆ ಎಂದಾಗ ಮನೆಯವರೆಲ್ಲ ಕಂಗಾಲಾಗಿದ್ದರು. ಅದಕ್ಕೂ ಮೊದಲು ತೋರಿಸುತ್ತಿದ್ದ ಕಡೆ ಆಗಲೇ ಸಿಸೇರಿಯನ್‌ಗೆ ದಿನ ಗುರುತು ಹಾಕಿದ್ದರು. ಹೊಟ್ಟೆ ನೀವಿ ಸರಿ ಮಾಡುವ ಅಜ್ಜಿಯೊಬ್ಬರಿದ್ದಾರೆ, ಈಗಲೇ ಕರೆಸೋಣ ಎಂದವರೂ ಇದ್ದರು. ಈ ಎರಡರ ನಡುವೆ ನಿಂತು, ಕಾಯೋಣ ಎಂದವರು ಡಾಕ್ಟರಮ್ಮ ಒಬ್ಬರೇ. ಮಗುವಿಗೆ ಇನ್ನೂ ಜಾಗವಿದೆ, ತಾನಾಗಿಯೇ ತಿರುಗಬಹುದು. ಹೊಟ್ಟೆಯ ಮೇಲಿನಿಂದ ಕೈಯಲ್ಲಿ ಒತ್ತಿ ಈಗಲೇ ತಿರುಗಿಸಿದರೆ ಮತ್ತೆ ಮೊದಲಿನಂತಾಗಬಹುದು. ತಿರುಗಿಸುವಾಗ ಏನಾದರೂ ಹೆಚ್ಚುಕಡಿಮೆಯಾಗಿ ತಕ್ಷಣ ಹೆರಿಗೆ ಮಾಡಬೇಕಾಗಿ ಬಂದರೆ ದಿನ ತುಂಬಿದ ಮಗುವಾಗಿರಬೇಕು. ಹಾಗೆಂದು ತೀರಾ ತಡಮಾಡಿದರೆ ಮಗು ಬೆಳೆದು, ಸುತ್ತಲಿನ ನೀರು ಕಡಿಮೆಯಾಗಿ, ಪೃಷ್ಠ ಕೆಳಗಿಳಿದು ಬಿಗಿಯಾಗಿ ಕೂತುಬಿಡುತ್ತದೆ. ಅದಕ್ಕೇ, ತಿರುಗಿಸಿ ನೋಡುವುದಾದರೆ 37ನೆಯ ವಾರದಲ್ಲಿ ಎಂದರು. ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಗಷ್ಟೇ ಇದು ಫಲಿಸುತ್ತದೆ, ಇನ್ನೂರರಲ್ಲಿ ಒಬ್ಬರಿಗೆ ತುರ್ತು ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ಮಾಡಿ ನೋಡಬೇಕೋ ಬೇಡವೋ ನೀವೇ ಹೇಳಿ" ಎಂದರು.

ಆ ಒಂದು ಮಾತಿನ ಬೆಲೆ ನನಗೆ ಆಗ ತಿಳಿದಿರಲಿಲ್ಲ. ಅತ್ತಿಗೆಗೆ ತಿಳಿದಿತ್ತು.

ತಿರುಗಿಸಲು ಹೋದ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗರ್ಭಕೋಶ ಸಡಿಲವಾಗಲೆಂದು ಕೊಟ್ಟ ಚುಚ್ಚುಮದ್ದಿಗೆ ಎದೆ ಡವಗುಟ್ಟಿತು, ಕೈ ನಡುಗಿತು. ಇಬ್ಬರು ಸೇರಿ ಪೃಷ್ಠವನ್ನು ಮೇಲೆತ್ತಿ, ತಲೆಯನ್ನು ಲಾಗ ಹಾಕಿಸುವಂತೆ ಕೆಳಕ್ಕೆ ಒತ್ತಿದರು. ಮಗು ಅರ್ಧ ತಿರುಗಿ ಅಡ್ಡವಾಯಿತು, ಕೈ ಬಿಟ್ಟ ಕೂಡಲೇ ಮೊದಲಿನ ಜಾಗಕ್ಕೆ ಜಾರಿತು. ಎರಡನೆಯ ಸಲವೂ ಅಷ್ಟೇ. ನನಗೆ ನೋವು ಹೆಚ್ಚಾಗುತ್ತಿದೆ ಎಂದು ತಿಳಿದದ್ದೇ ಅವರು ನಿಲ್ಲಿಸಿದರು. ಮಗುವಿನ ಎದೆಬಡಿತವನ್ನು ಬಹಳ ಹೊತ್ತು ನೋಡಿ, ಎಲ್ಲ ಸರಿಯಿದೆ, ಆದರೆ ಇವತ್ತು ಊರಿಗೆ ಹೋಗಬೇಡಿ, ಇಲ್ಲೇ ಹತ್ತಿರದಲ್ಲಿರಿ ಎಂದು ಕಳುಹಿಸಿದರು.

ಆ ರಾತ್ರಿ ಆಸ್ಪತ್ರೆಯ ಹಿಂದಿನ ಬೀದಿಯ ಒಂದು ಕೋಣೆಯಲ್ಲಿ ನಾನು ಮತ್ತು ಅತ್ತಿಗೆ ಇಬ್ಬರೇ ಇದ್ದೆವು. ನಾನು ಊಟ ಮುಟ್ಟಲಿಲ್ಲ. ಅವರು ಬಲವಂತ ಮಾಡಲಿಲ್ಲ. ಮೊಸರನ್ನ ಕಲಸಿ ಮುಚ್ಚಿಟ್ಟರು. ಒಂದು ಗಂಟೆಯ ಹೊತ್ತಿಗೆ, ಮಗು ಆಡುತ್ತಿಲ್ಲ ಅನ್ನಿಸಿತು. ಎಡಕ್ಕೆ ಹೊರಳಿ ಮಲಗಿದೆ, ನೀರು ಕುಡಿದೆ, ಕಾದೆ. ಏನೂ ಇಲ್ಲ. ಹೇಳಲು ಭಯವಾಯಿತು, ಹೇಳಿದರೆ ನಿಜವಾಗಿಬಿಡುತ್ತದೆ ಎಂಬಂತೆ. ಅತ್ತಿಗೆ ಕತ್ತಲಲ್ಲೇ, "ಏನು?" ಎಂದರು. ಹೇಳಿದೆ. "ಬೆಳಗಾಗಲಿ ನೋಡೋಣ" ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಎದ್ದು ದೀಪ ಹಾಕಿ, ಡಾಕ್ಟರಮ್ಮ ಬರೆದುಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ, ನನ್ನ ಚಪ್ಪಲಿಯನ್ನು ಕಾಲ ಬಳಿ ಇಟ್ಟರು. ಸುರಿವ ಮಳೆಯಲ್ಲಿ ತಮ್ಮ ಕಂದು ಶಾಲನ್ನು ನನ್ನ ತಲೆಗೆ ಹೊದೆಸಿ, ತಾವು ನೆನೆಯುತ್ತಲೇ ನಡೆದರು.

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಲು ಹೊಟ್ಟೆಗೆ ಪಟ್ಟಿ ಕಟ್ಟಿದರು. ಆ ಸದ್ದು ಸಿಗುವವರೆಗಿನ ಕೆಲವೇ ಕ್ಷಣಗಳನ್ನು ನಾನು ಬರೆಯಲಾರೆ. ಸಿಕ್ಕಿತು. ಓಡುವ ಕುದುರೆಯಂತೆ ಬಡಿಯುತ್ತಿತ್ತು. ಅತ್ತಿಗೆ ಗೋಡೆಯ ಕಡೆ ತಿರುಗಿ ನಿಂತರು, ಅವರ ಬೆನ್ನು ಅಲುಗುತ್ತಿತ್ತು.

ಬೆಳಗಿನವರೆಗೆ ಅಲ್ಲೇ ಇರಿಸಿಕೊಂಡರು. ನಾನು ಆಗ ಅತ್ತದ್ದು ಮಗುವಿನ ಭಯಕ್ಕಲ್ಲ. ಇಷ್ಟೆಲ್ಲ ಮಾಡಿಯೂ ತಿರುಗಲಿಲ್ಲ, ನನ್ನ ದೇಹವೇ ಸರಿಯಿಲ್ಲ, ಸುಮ್ಮನೆ ಮಗುವಿಗೆ ಹಿಂಸೆ ಕೊಟ್ಟೆ ಎಂದು ಏನೇನೋ ಅಂದೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು: "ನನ್ನ ಮಗನೂ ಹೀಗೇ ಇದ್ದ, ಹನ್ನೆರಡು ವರ್ಷದ ಹಿಂದೆ. ದಿನ ಬರೆದುಕೊಟ್ಟರು, ಹೋದೆ. ಅವನು ಚೆನ್ನಾಗಿ ಹುಟ್ಟಿದ, ಅದಕ್ಕೆ ನನ್ನ ದೂರಿಲ್ಲ. ಆದರೆ ತಿರುಗಿಸಿ ನೋಡುವುದು ಅಂತ ಒಂದಿದೆ ಎಂದು ನನಗೆ ಗೊತ್ತಾದದ್ದೇ ನಿನ್ನಿಂದ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಿನ್ನನ್ನು ಕೇಳಿದರು, ನೀನು ಹೂಂ ಅಂದೆ. ಅಷ್ಟು ಸಾಲದೇ?"

ಆಮೇಲೆ ನಾನು ಕೇಳಬಾರದದ್ದನ್ನು ಕೇಳಿದೆ. ಒಂಬತ್ತನೆಯ ತಿಂಗಳಲ್ಲಿ ಹೂ ಮುಡಿಸಿದ ದಿನ, ಹೀಗೆ ತಲೆ ಮೇಲಾಗಿ ಹುಟ್ಟುವ ಮಗು ಸೋದರಮಾವನಿಗೆ ಆಗುವುದಿಲ್ಲ ಎಂದು ಹಿರಿಯರೊಬ್ಬರು ಎಲ್ಲರೆದುರೇ ಅಂದಿದ್ದರು. ಸೋದರಮಾವ ಎಂದರೆ ನನ್ನ ಅಣ್ಣ, ಅತ್ತಿಗೆಯ ಗಂಡ. ಅತ್ತಿಗೆ ಆಗ ಕೋಸಂಬರಿ ಬಡಿಸುತ್ತಿದ್ದರು. ಕೈ ಒಂದು ಗಳಿಗೆ ನಿಂತು ಮುಂದಿನ ಎಲೆಗೆ ಹೋಯಿತು. ನಿಮಗೆ ಭಯವಾಗಲಿಲ್ಲವೇ ಎಂದೆ. "ಆಯಿತು. ಆ ರಾತ್ರಿ ನಿದ್ದೆ ಬರಲಿಲ್ಲ," ಎಂದರು. "ಮರುದಿನ ನಿನ್ನ ಹೊಟ್ಟೆಗೆ ಎಣ್ಣೆ ಹಚ್ಚುವಾಗ ಇದು ನನ್ನ ಕೈಗೆ ಒದೆಯಿತು. ಇಷ್ಟು ಚಿಕ್ಕ ಕಾಲಿಗೆ ಹೆದರುವುದೇ ಅನ್ನಿಸಿತು."

ಅತ್ತಿಗೆ, ಇದನ್ನು ಎಲ್ಲರೆದುರು ಬರೆದದ್ದಕ್ಕೆ ಬೇಸರಿಸಬೇಡಿ. ಭಯವೇ ಇಲ್ಲದವರು ನನ್ನ ಜೊತೆ ಎಚ್ಚರವಿದ್ದಿದ್ದರೆ ನನಗೆ ಆ ರಾತ್ರಿ ಅಷ್ಟು ಧೈರ್ಯ ಬರುತ್ತಿರಲಿಲ್ಲ.

39ನೆಯ ವಾರದಲ್ಲಿ, ಸಿಸೇರಿಯನ್‌ನಲ್ಲೇ ಅವಳು ಬಂದಳು. ಯೋಚಿಸಲು, ಒಪ್ಪಿಕೊಳ್ಳಲು ನನಗೆ ಎರಡು ವಾರ ಸಿಕ್ಕಿತ್ತು. ಹೆದರಿಕೆಯಿಲ್ಲದೆ ನಡೆದುಕೊಂಡೇ ಥಿಯೇಟರಿನೊಳಗೆ ಹೋದೆ. ಹುಟ್ಟಿದ ಮೊದಲ ದಿನಗಳಲ್ಲಿ ಅವಳ ಎರಡೂ ಕಾಲು ಒಳಗಿದ್ದಂತೆಯೇ ಮುಖದ ಬಳಿಗೆ ಮಡಚಿಕೊಂಡಿರುತ್ತಿದ್ದವು. ಬಟ್ಟೆಯಲ್ಲಿ ಕಾಲು ನೀಟಿ ಬಿಗಿಯಾಗಿ ಸುತ್ತಬೇಡಿ, ಸಡಿಲವಾಗಿ ಆಡಲು ಬಿಡಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದನ್ನು ಬಂದುಹೋದ ಪ್ರತಿಯೊಬ್ಬ ಅಜ್ಜಿಗೂ ತಿಳಿಹೇಳಿದವರು ಅತ್ತಿಗೆಯೇ. ಅಣ್ಣ ಗಟ್ಟಿಮುಟ್ಟಾಗಿದ್ದಾನೆ, ದಿನಕ್ಕೆ ಎರಡು ಸಲ ಸೊಸೆಯನ್ನು ಎತ್ತಿಕೊಳ್ಳದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

ಶನಿವಾರ ಬರುತ್ತೀರಲ್ಲ ಅತ್ತಿಗೆ, ಆ ಕಂದು ಶಾಲನ್ನು ಮಾತ್ರ ಕೇಳಬೇಡಿ. ಹೆಗಲ ಮೇಲೆ ಅದನ್ನು ಹಾಕಿಕೊಂಡು ಎತ್ತಿಕೊಂಡರೆ ಮಾತ್ರ ಅವಳು ಅಳು ನಿಲ್ಲಿಸುತ್ತಾಳೆ.