ಯೆನ್ ದರವನ್ನೂ ಮುದ್ರಿಸಿ

ಮಾನ್ಯರೇ,

2024ರ ಆಗಸ್ಟ್ 5ರಂದು ಸೆನ್ಸೆಕ್ಸ್ 2,222 ಅಂಶ ಕುಸಿಯಿತು. ಅದಕ್ಕೆ ಅಮೆರಿಕದ ಉದ್ಯೋಗ ವರದಿಯೊಂದನ್ನೇ ದೂರಿದರೆ ಅರ್ಧ ಕಾರಣ ಮಾತ್ರ ಹೇಳಿದಂತಾಗುತ್ತದೆ. ಜುಲೈ 31ರಂದು ಜಪಾನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಜಪಾನ್ ತನ್ನ ಬಡ್ಡಿದರವನ್ನು ಶೇ 0.25ಕ್ಕೆ ಏರಿಸಿತ್ತು.

ಕಡಿಮೆ ಬಡ್ಡಿಗೆ ಜಪಾನಿನ ನಾಣ್ಯವಾದ ಯೆನ್‌ನಲ್ಲಿ ಸಾಲ ತೆಗೆದು ಬೇರೆ ದೇಶಗಳ ಸಾಲಪತ್ರ, ಷೇರುಗಳಲ್ಲಿ ಹೂಡಿದವರಿಗೆ ಅದು ಹೊಡೆತ; ಬಡ್ಡಿ ಏರಿದರೆ ಯೆನ್ ಬಲಗೊಳ್ಳುವ ಸಾಧ್ಯತೆ ಹೆಚ್ಚು. ಲೆಕ್ಕ ಹೀಗಿದೆ. ಡಾಲರಿಗೆ 160 ಯೆನ್ ಇದ್ದಾಗ 1.6 ಕೋಟಿ ಯೆನ್ ಸಾಲ ತೆಗೆದರೆ ಕೈಗೆ 1 ಲಕ್ಷ ಡಾಲರ್ ಬರುತ್ತದೆ. ಅದನ್ನು ಅಮೆರಿಕದ ಸಾಲಪತ್ರದಲ್ಲಿಟ್ಟರೆ ಆಗ ವರ್ಷಕ್ಕೆ ಸುಮಾರು ಶೇ 5ರಷ್ಟು ಗಳಿಕೆಯಿತ್ತು. ಯೆನ್ ಡಾಲರಿಗೆ 145ಕ್ಕೆ ಬಲಗೊಂಡಿತೋ, ಅದೇ ಸಾಲ ತೀರಿಸಲು ಸುಮಾರು 1,10,345 ಡಾಲರ್ ಬೇಕು. ಎರಡು ವರ್ಷದ ಬಡ್ಡಿ ಒಂದೇ ತಿಂಗಳಲ್ಲಿ ಹೋಯಿತು! ಬ್ರೋಕರ್ ಹೆಚ್ಚುವರಿ ಮಾರ್ಜಿನ್ (ಸಾಲಕ್ಕೆ ಭದ್ರತೆಯಾಗಿ ಇಡಬೇಕಾದ ಹಣ) ಕೇಳಿದಾಗ ಸಾಲಗಾರ ಮೊದಲು ಮಾರುವುದು ಕೆಟ್ಟ ಷೇರನ್ನಲ್ಲ, ತಕ್ಷಣ ಗಿರಾಕಿ ಸಿಗುವ ಒಳ್ಳೆಯ ಷೇರನ್ನು. ಅಂದು ಟೋಕಿಯೊದ ಷೇರು ಸೂಚ್ಯಂಕ ನಿಕ್ಕೆ ಶೇ 12.4 ಬಿದ್ದದ್ದು ಇದೇ ಒತ್ತಡದಲ್ಲಿ. ಮಾರುಕಟ್ಟೆ ಅಸ್ಥಿರವಾಗಿರುವಾಗ ದರ ಏರಿಸುವುದಿಲ್ಲವೆಂದು ಆಗಸ್ಟ್ 7ರಂದು ಬ್ಯಾಂಕ್ ಆಫ್ ಜಪಾನಿನ ಡೆಪ್ಯುಟಿ ಗವರ್ನರ್ ಉಚಿದಾ ಹೇಳಿದ ಮೇಲೆ ಯೆನ್ ಇಳಿಯಿತು, ಷೇರುಗಳು ಚೇತರಿಸಿದವು.

ವಾಣಿಜ್ಯ ಪುಟದಲ್ಲಿ ರೂಪಾಯಿ ದರದ ಪಕ್ಕದಲ್ಲೇ ಡಾಲರ್–ಯೆನ್ ದರವನ್ನೂ ಜಪಾನ್ ಬ್ಯಾಂಕಿನ ಸಭೆಯ ದಿನಾಂಕವನ್ನೂ ದಯವಿಟ್ಟು ಕೊಡಿ. ಮಾರ್ಜಿನ್ ಸಾಲದಲ್ಲಿ ಷೇರು ಕೊಂಡವರಿಗೆ ಅದು ತುರ್ತಾಗಿ ಬೇಕು.