ಹಳೆಯ ಕಂಪ್ಯೂಟರ್ ಬಿಸಾಡಬೇಡಿ, ಲಿನಕ್ಸ್ ಹಾಕಿ ನೋಡಿ

ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಹಳೆಯ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇಲ್ಲ. ಬೀದರ್‌ನ ಅಂಗಡಿಯೊಂದರಲ್ಲಿ ನನ್ನ ಲ್ಯಾಪ್‌ಟಾಪ್ ನೋಡಿ "ಹೊಸದು ತಗೊಳ್ಳಿ" ಅಂದರು. ಚೆನ್ನಾಗಿರುವುದನ್ನು ಸುಮ್ನೆ ಯಾಕೆ ಬಿಸಾಡಬೇಕು? ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಅನ್ನು ಮೊದಲು ಪೆನ್‌ಡ್ರೈವ್‌ನಲ್ಲೇ ಓಡಿಸಿ, ವೈಫೈ, ಪ್ರಿಂಟರ್ ಎಲ್ಲ ಸರಿ ಇದೆ ಅಂತ ನೋಡಿಕೊಂಡು, ಆಮೇಲೆ ಇನ್‌ಸ್ಟಾಲ್ ಮಾಡಿದೆ. 4 ಜಿಬಿ ರ‍್ಯಾಮ್‌ನಲ್ಲೇ ಆರಾಮಾಗಿ ನಡೆಯುತ್ತಿದೆ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ಕೂಡ ಇತ್ತು, ಕನ್ನಡ ಟೈಪಿಂಗ್‌ಗೆ ಬೇರೇನೂ ಹಾಕಬೇಕಾಗಲಿಲ್ಲ. ಲೈಸೆನ್ಸ್‌ಗೆ ಒಂದು ರೂಪಾಯಿಯೂ ಕೊಟ್ಟಿಲ್ಲ, ಆದರೆ ಅದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಅಪ್‌ಡೇಟ್ ಯಾವಾಗ ಆಗಬೇಕು ಅಂತ ನಾನೇ ತೀರ್ಮಾನಿಸಬಹುದು ಅನ್ನೋದು. ನಮ್ಮ ಜಿಲ್ಲೆಯಲ್ಲಿ ಧೂಳು ಹಿಡಿದು ಕೂತಿರುವ ಕಂಪ್ಯೂಟರ್‌ಗಳಿಗೂ ಇದನ್ನು ಹಾಕಬಹುದು ಅಲ್ವಾ?

– ಒಬ್ಬ ಓದುಗ, ಭಾಲ್ಕಿ